ಗೋಮಾಳ ಎರಡು ವರ್ಷಕ್ಕೆ ಕೊಡಿ ಅಂದಾಗ ನಾವು ಕೇಳಿದ್ದು



ಇವತ್ತು ಬೆಳೆ ವಿಚಾರ ಅಲ್ಲ, ನೆಲದ ವಿಚಾರ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ನಮ್ಮ ತುಮಕೂರು-ಚಿತ್ರದುರ್ಗ ಗಡಿ ಕಡೆ ಈಗ ಎಲ್ಲಿ ನೋಡಿದ್ರೂ ಕೆಲಸ ನಡೀತಾ ಇದೆ. ರಸ್ತೆ ಅಗಲ ಮಾಡೋದು, ಪೈಪ್‌ಲೈನು, ಕರೆಂಟ್ ಟವರು, ಸೋಲಾರು. ಈ ಕೆಲಸ ಮಾಡೋರಿಗೆಲ್ಲಾ ಸಾಮಾನು ಇಳಿಸೋಕೆ, ಟಿಪ್ಪರ್ ನಿಲ್ಲಿಸೋಕೆ, ಕೂಲಿಯೋರ ಶೆಡ್ಡು ಹಾಕೋಕೆ ಜಾಗ ಬೇಕು. ನಮ್ಮ ನಿಮ್ಮ ಹೊಲ ಕೇಳಿದ್ರೆ ಬಾಡಿಗೆ ಕೊಡ್ಬೇಕು. ಹಂಗಾಗಿ ಮೊದಲು ಕಣ್ಣು ಬೀಳೋದು ಗೋಮಾಳ, ಗುಂಡುತೋಪು, ಕೆರೆ ಅಂಗಳದ ಮೇಲೆ. "ತಾತ್ಕಾಲಿಕ ಅಷ್ಟೇ, ಕೆಲಸ ಮುಗಿದ್ಮೇಲೆ ಬಿಟ್ಟು ಹೋಗ್ತೀವಿ" ಅಂತಾರೆ. ನಮ್ಮೂರಲ್ಲೂ ಹಂಗೇ ಕೇಳಿದ್ರು. ನಾವು ಏನು ಮಾಡಿದ್ವಿ, ಎಷ್ಟು ಸರಿ ಹೋಯ್ತು, ಎಷ್ಟು ಹೋಗಲಿಲ್ಲ ಅನ್ನೋದನ್ನ ಬರೀತಾ ಇದೀನಿ. ಯಾರಿಗಾದ್ರೂ ಉಪಯೋಗ ಆಗ್ಲಿ.

ಮೊದಲು ಕಾಗದದ ಮಾತು. ಗೋಮಾಳ ಅಂದ್ರೆ ಸರ್ಕಾರದ ಜಮೀನು. ಪಹಣಿ ತೆಗೆಸಿದ್ರೆ 9ನೇ ಕಾಲಂನಲ್ಲಿ "ಸರ್ಕಾರಿ ಗೋಮಾಳ" ಅಂತ ಇರುತ್ತೆ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 71ನೇ ಕಲಂ ಪ್ರಕಾರ ಊರಿನ ದನಕರು ಮೇಯೋಕೆ ಅಂತ ಬಿಟ್ಟಿರೋ ಜಮೀನನ್ನ ಜಿಲ್ಲಾಧಿಕಾರಿ ಮಂಜೂರಾತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸೋ ಹಂಗಿಲ್ಲ. ಅಂದ್ರೆ ಪಂಚಾಯ್ತಿ ಠರಾವು ಒಂದೇ ಸಾಲದು, ಮೆಂಬರು ಬಾಯಿಮಾತಲ್ಲಿ "ಆಯ್ತು ಹಾಕ್ಕಳಿ" ಅಂದ್ರೂ ನಡೆಯಲ್ಲ. ಇನ್ನೊಂದು ಲೆಕ್ಕ ಇದೆ. 1966ರ ಭೂ ಕಂದಾಯ ನಿಯಮಗಳಲ್ಲಿ, 97ನೇ ನಿಯಮ, ನೂರು ದನಕ್ಕೆ 12 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 30 ಎಕರೆ ಗೋಮಾಳ ಇರ್ಬೇಕು ಅಂತ ಇದೆ.

ನಮ್ಮೂರಲ್ಲಿ ದನ, ಎಮ್ಮೆ ಸೇರಿ 310 ಇದಾವೆ. ಆ ಲೆಕ್ಕಕ್ಕೆ 93 ಎಕರೆ ಬೇಕು. ನಮ್ಮ ಗೋಮಾಳ ಹಳೇ ದಾಖಲೇಲಿ 118 ಎಕರೆ. ಅದರಲ್ಲಿ ಸ್ಕೂಲಿಗೆ ಹೋಯ್ತು, ಸ್ಮಶಾನಕ್ಕೆ ಹೋಯ್ತು, ನಿವೇಶನಕ್ಕೆ ಹೋಯ್ತು, ಮಂಜೂರಾಗಿದ್ದು ಹೋಯ್ತು. ಉಳಿದಿರೋದು 71. ಕುರಿ ಮೇಕೆ ಇದರಲ್ಲಿ ಸೇರಿಲ್ಲ. ಈ ಲೆಕ್ಕ ನಮ್ಮ ಕೈಲಿ ಇದ್ದಿದ್ದಕ್ಕೆ, "ಹೆಚ್ಚುವರಿ ಗೋಮಾಳ, ಸುಮ್ನೆ ಬಿದ್ದೈತಲ್ಲ" ಅಂತ ಯಾರೋ ಶುರು ಮಾಡ್ದಾಗ ಬಾಯಿ ಮುಚ್ಚಿಸೋಕೆ ಆಯ್ತು. ನೀವೂ ನಿಮ್ಮೂರ ಲೆಕ್ಕ ಬರೆದು ಇಟ್ಕಳಿ. ದಿಶಾಂಕ್ ಆಪ್ ಹಾಕ್ಕೊಂಡು ಜಾಗದಲ್ಲಿ ನಿಂತ್ರೆ ಯಾವ ಸರ್ವೆ ನಂಬರಲ್ಲಿ ನಿಂತಿದೀವಿ ಅಂತ ಮೊಬೈಲೇ ಹೇಳುತ್ತೆ.

ಈಗ ನಡೆದ ವಿಚಾರ. ಶ್ರಾವಣದಲ್ಲಿ ರಸ್ತೆ ಕೆಲಸದ ಕಂಟ್ರಾಕ್ಟರು ಕಡೆಯೋರು ಪಂಚಾಯ್ತಿಗೆ ಅರ್ಜಿ ಕೊಟ್ರು. ಗೋಮಾಳದಲ್ಲಿ 12 ಎಕರೆ, ಎರಡು ವರ್ಷಕ್ಕೆ. ಜಲ್ಲಿ ಸ್ಟಾಕು, ಟಿಪ್ಪರ್ ನಿಲ್ದಾಣ, ಕೂಲಿಯೋರ ಶೆಡ್ಡು, ಡಾಂಬರ್ ಮಿಕ್ಸ್ ಮಾಡೋ ಪ್ಲಾಂಟು. ಊರಿಗೆ ಬದಲಾಗಿ ದೇವಸ್ಥಾನದ ಮುಂದೆ ಆರ್ಚು ಕಟ್ಟಿಸಿ ಕೊಡ್ತೀವಿ, ಹತ್ತಿಪ್ಪತ್ತು ಹುಡುಗ್ರಿಗೆ ಕೆಲಸ ಕೊಡ್ತೀವಿ ಅಂದ್ರು. ಗ್ರಾಮಸಭೆಗೆ ನೋಟಿಸ್ ಅಂಟಿಸಿದ್ರು. ಮಂಗಳವಾರ ಬೆಳಿಗ್ಗೆ 11 ಗಂಟೆ, ಪಂಚಾಯ್ತಿ ಆಫೀಸ್ ಆವರಣ.

ಆ ಹೊತ್ತಲ್ಲಿ ಯಾರು ಬರ್ತಾರೆ ಹೇಳಿ? ನನ್ನಂಥ ಹತ್ತಿರದಲ್ಲೇ ಹೊಲ ಇರೋರು, ಪ್ಯಾಟೆಗೆ ಹೋಗದೆ ಉಳಿದೋರು, ಮೆಂಬರುಗಳು, ಅವರ ಹಿಂದೆ ಓಡಾಡೋರು. ಶ್ರಾವಣ ಅಂದ್ರೆ ಕಡ್ಲೆಕಾಯಿ ಕಳೆ ಕಾಲ. ಹೆಂಗಸರು ಕಳೆಗೆ ಹೋಗಿರ್ತಾರೆ. ಕುರಿಯೋರು ಒಂಬತ್ತಕ್ಕೆಲ್ಲಾ ಮಂದೆ ಹೊಡ್ಕೊಂಡು ಹೋಗಿರ್ತಾರೆ, ಬರೋದು ಕತ್ತಲಾದ ಮೇಲೆ. ಗೊಲ್ಲರಹಟ್ಟಿಯಿಂದ ಒಬ್ಬರೂ ಬಂದಿರ್ಲಿಲ್ಲ. ಆದ್ರೆ ಆ ಗೋಮಾಳದಲ್ಲಿ ದಿನಾ ಕಾಲಿಡೋರು ಅವರೇ.

ಸಭೇಲಿ ಮಾತು ಎರಡು ಕಡೆ ಆಯ್ತು. ನಮ್ಮೂರ ಒಬ್ಬ ಹುಡುಗ, ಐಟಿಐ ಓದಿದಾನೆ, ಜೋರಾಗೇ ಹೇಳ್ದ: "ಏನಣ್ಣಾ ಐತೆ ಅಲ್ಲಿ? ಬರೀ ಬಳ್ಳಾರಿ ಜಾಲಿ ಬೆಳ್ದೈತೆ. ಎರಡು ವರ್ಷ ಊರಲ್ಲೇ ಸಂಬಳ ಬಂದ್ರೆ ನಾವ್ಯಾಕೆ ಬೆಂಗಳೂರಿಗೆ ಹೋಗಣ?" ಅವನ ಮಾತು ತಳ್ಳಿಹಾಕೋ ಹಂಗಿಲ್ಲ. ಜಾಲಿ ಬೆಳೆದಿರೋದು ನಿಜ, ಕೆಲಸ ಇಲ್ಲದಿರೋದೂ ನಿಜ. ದೇವಸ್ಥಾನದ ಕಡೆಯೋರು ಆರ್ಚಿನ ಮಾತು ತೆಗೆದ್ರು. ಇನ್ನೊಂದು ಕಡೆ ಗೋಮಾಳದ ಪಕ್ಕ ಹೊಲ ಇರೋರು ಧೂಳು ಬಿದ್ರೆ ಬೆಳೆ ಹೋಗುತ್ತೆ ಅಂತ ಕೂಗಾಡಿದ್ರು. ಅರ್ಧ ಗಂಟೆ ಆದ್ರೂ ಯಾರೂ ಆ 12 ಎಕರೆ ಎಲ್ಲಿಂದ ಎಲ್ಲಿವರೆಗೆ ಅಂತ ಕೇಳಲಿಲ್ಲ.

ನಾನು ಎದ್ದು ಇಷ್ಟೇ ಕೇಳಿದೆ: "ಮೇಡಂ, ಈ ಜಾಗ ಈಗ ಯಾರು ಬಳಸ್ತಾ ಇದಾರೆ ಅಂತ ಬರ್ಕೊಂಡಿದೀರಾ? ಅವರಲ್ಲಿ ಎಷ್ಟು ಜನ ಇಲ್ಲಿದಾರೆ?" ನಮ್ಮ ಪಿಡಿಒ ಮೇಡಂ ಒಳ್ಳೆಯೋರು. ಸಹಿ ಮಾಡಿದ ಪುಸ್ತಕ ನೋಡಿದ್ರು, ಹಟ್ಟಿ ಕಡೆ ಹೆಸರು ಒಂದೂ ಇರ್ಲಿಲ್ಲ. ಹೆಂಗಸರು ನಾಲ್ಕೇ ಜನ. ಗ್ರಾಮ ಸ್ವರಾಜ್ ಕಾಯ್ದೇಲಿ ಗ್ರಾಮಸಭೆಗೆ ಕೋರಂ ಅಂತ ಇದೆ, ಹೆಂಗಸರು ಇಷ್ಟು ಇರ್ಬೇಕು ಅಂತಾನೂ ಇದೆ. ಮೇಡಂ ಸಭೆ ಮುಂದಕ್ಕೆ ಹಾಕಿದ್ರು. ನಾವು ಎರಡು ಕೇಳ್ಕೊಂಡ್ವಿ. ಒಂದು, ಮೊದಲು ಗೋಮಾಳದಲ್ಲೇ ಒಂದು ದಿನ ಸೇರಣ, ಮಂದೆ ಬಿಡೋದಕ್ಕೆ ಮುಂಚೆ, ಬೆಳಿಗ್ಗೆ ಆರೂವರೆಗೆ. ಎರಡು, ಹಟ್ಟಿಗೂ ಕಾಲೋನಿಗೂ ತಮಟೆ ಹೊಡೆಸಿ ಸಾರಿಸಿ, ಗೋಡೆ ಮೇಲೆ ಕಾಗದ ಅಂಟಿಸಿ ಕೈ ತೊಳ್ಕೊಳ್ಳೋದು ಬೇಡ.

ಆ ಬೆಳಿಗ್ಗೆ ಎಂಬತ್ತು ತೊಂಬತ್ತು ಜನ ಬಂದ್ರು. ಕಂಟ್ರಾಕ್ಟರು ಕಡೆ ಸೂಪರ್‌ವೈಸರೂ ಬಂದಿದ್ದ, ಗ್ರಾಮ ಆಡಳಿತ ಅಧಿಕಾರಿ ನಕ್ಷೆ ತಂದಿದ್ರು. ಸುಣ್ಣ ಹಾಕಿ 12 ಎಕರೆ ಗುರುತು ಮಾಡಿಸಿ ಸುತ್ತಾ ನಡೆದ್ವಿ. ಕುರ್ಚಿ ಮೇಲೆ ಕೂತಿದ್ರೆ ಹತ್ತು ಸಭೇಲೂ ಬರದ ಮಾತು ಆ ಒಂದೂವರೆ ಗಂಟೇಲಿ ಬಂತು.

ಅವರು ಕೇಳಿದ್ದ ಜಾಗದ ಮಧ್ಯೆ ಒಂದು ಸಣ್ಣ ಹಳ್ಳ ಇದೆ. ಬೇಸಿಗೇಲಿ ನೋಡಿದ್ರೆ ಬರೀ ತಗ್ಗು. ಮಳೆ ಬಂದ್ರೆ ಅದೇ ನಮ್ಮ ಕೆರೆಗೆ ನೀರು ತರೋದು. ಅದರ ಮೇಲೆ ಜಲ್ಲಿ ಸುರಿದಿದ್ರೆ ಕೆರೆ ಕಥೆ ಮುಗೀತಿತ್ತು. ಒಬ್ಬ ಅಕ್ಕ ಮೂಡಲ ಕಡೆ ಇಳಿಜಾರು ತೋರಿಸಿ, "ಇಲ್ಲಿ ಬೋದೆ ಹುಲ್ಲು ಕೊಯ್ತೀವಪ್ಪ, ನಮ್ಮ ಕೊಟ್ಟಿಗೆಗೆಲ್ಲಾ ಇದೇ ಹೊದಿಕೆ" ಅಂದ್ರು. ನಾನು ಈ ಊರಲ್ಲೇ ಹುಟ್ಟಿದೋನು, ನನಗೆ ಅದು ಗೊತ್ತಿರ್ಲಿಲ್ಲ. ಹಟ್ಟಿಯ ಹಿರಿಯಜ್ಜ ಒಬ್ರು ಹೊಂಗೆ ಮರದ ಸಾಲು ತೋರಿಸಿದ್ರು. ಸುಗ್ಗಿ ಮುಗಿದ ಮೇಲೆ ಹೊರಗಿಂದ ಮಂದೆಯೋರು ಬರ್ತಾರಲ್ಲ, ನಾವೇ ಕರೆದು ಹೊಲದಲ್ಲಿ ಕುರಿ ನಿಲ್ಲಿಸ್ಕೊಳ್ತೀವಲ್ಲ, ಅವರು ಮಧ್ಯಾಹ್ನ ಕುರಿ ತರುಬೋದು ಆ ನೆರಳಲ್ಲಿ. "ದಾರಿ ಮುಚ್ಚಿದ್ರೆ ಅವರು ಈ ಕಡೆ ತಿರುಗಲ್ಲ ಸ್ವಾಮಿ, ನಿಮ್ಮ ಹೊಲಕ್ಕೆ ಗೊಬ್ಬರ ಎಲ್ಲಿಂದ ಬತ್ತದೆ?" ಅಂದ್ರು. ಆ ಮಂದೆಯೋರ ಹೆಸರು ನಮ್ಮ ಓಟರ್ ಲಿಸ್ಟಲ್ಲಿ ಇಲ್ಲ. ಯಾವ ಗ್ರಾಮಸಭೇಲೂ ಅವರಿಗೆ ಸಹಿ ಇಲ್ಲ. ಆದ್ರೆ ಆ ನೆಲದ ಬಳಕೆದಾರರು ಅವರೂ ಹೌದು.

ಇನ್ನೊಬ್ಬರು ನಡೀತಾ ನಡೀತಾ ನನ್ನ ಪಕ್ಕಕ್ಕೆ ಕರೆದ್ರು. ಗೋಮಾಳದ ಅಂಚಲ್ಲಿ ಎರಡೆಕರೆ ಎಷ್ಟೋ ವರ್ಷದಿಂದ ಉಳ್ತಾ ಇದಾರೆ, ಫಾರಂ 57 ಹಾಕಿದಾರೆ, ಇನ್ನೂ ತೀರ್ಮಾನ ಆಗಿಲ್ಲ. ಸಭೇಲಿ ಬಾಯಿ ಬಿಟ್ರೆ ಎಲ್ಲಿ ಸರ್ವೆ ಮಾಡಿಸಿ ನನ್ನೇ ಎಬ್ಬಿಸ್ತಾರೋ ಅಂತ ಭಯ. ನಮ್ಮಲ್ಲಿ ಇಂಥೋರು ಪ್ರತಿ ಊರಲ್ಲೂ ಇದಾರೆ. ಅವರ ವಿಚಾರ ಬಗರ್‌ಹುಕುಂ ಸಮಿತಿ ಮುಂದೆ ಇರೋದು, ಈ ಅರ್ಜಿಗೂ ಅದಕ್ಕೂ ಗಂಟು ಹಾಕೋದು ಬೇಡ ಅಂತ ಎಲ್ಲರೂ ಒಪ್ಪಿದ್ರು. ಇದನ್ನ ಯಾಕೆ ಹೇಳ್ತೀನಿ ಅಂದ್ರೆ, ಜಾಗ ಕಳ್ಕೊಳ್ಳೋ ಭಯ ಇರೋರು ಮೈಕ್ ಮುಂದೆ ಮಾತಾಡಲ್ಲ. ಪಕ್ಕದಲ್ಲಿ ನಡೆದ್ರೆ ಮಾತ್ರ ಹೇಳ್ತಾರೆ.

ಆಮೇಲೆ ಬಂದಿದ್ದು "ಎರಡು ವರ್ಷ" ಅನ್ನೋ ಮಾತು. ಸೂಪರ್‌ವೈಸರ್‌ಗೆ ಎರಡು ವರ್ಷ ಅಂದ್ರೆ 24 ತಿಂಗಳು. ಹುಲ್ಲಿಗೆ ಹಂಗಲ್ಲ. ನಮ್ಮ ಗೋಮಾಳದ ಹುಲ್ಲು ಬಹಳಷ್ಟು ಒಂದೇ ವರ್ಷದ ಗಿಡ. ಮುಂಗಾರಲ್ಲಿ ಚಿಗುರುತ್ತೆ, ಹಸ್ತ ಚಿತ್ತೆ ಹೊತ್ತಿಗೆ ತೆನೆ ಬಿಡುತ್ತೆ, ಕಾರ್ತಿಕದಲ್ಲಿ ಒಣಗಿ ಬೀಜ ಉದುರುತ್ತೆ. ಆ ಬೀಜವೇ ಮುಂದಿನ ವರ್ಷದ ಮೇವು. ಎರಡು ಮಳೆಗಾಲ ಅದರ ಮೇಲೆ ಟಿಪ್ಪರ್ ಓಡಿದ್ರೆ ಎರಡು ಸಲ ಬೀಜ ಕಟ್ಟಲ್ಲ, ಒದ್ದೆ ಮಣ್ಣು ತುಳಿದು ಗಾರೆ ಹಂಗೆ ಗಟ್ಟಿಯಾಗುತ್ತೆ, ನೀರು ಇಳಿಯಲ್ಲ. ಆಮೇಲೆ ಅಲ್ಲಿ ಬರೋದು ಜಾಲಿ, ರೋಜವಾರ. ಅದೇ ಬೇಸಿಗೇಲಿ ಒಣ ನೆಲದ ಮೇಲೆ ನಿಂತ್ರೆ ಅಷ್ಟು ಕೆಡಲ್ಲ. ಬೇಸಿಗೇಲಿ ನಮಗೆ ಬೇಕಿರೋದು ಹುಲ್ಲಲ್ಲ, ದಾರಿ, ನೆರಳು, ನೀರು. ಹಂಗಾಗಿ ಎಷ್ಟು ತಿಂಗಳು ಅಂತ ಕೇಳೋದು ಬಿಟ್ಟು ಯಾವ ತಿಂಗಳು ಅಂತ ಕೇಳೋಕೆ ಶುರು ಮಾಡಿದ್ವಿ. ಇಡೀ ವಿಚಾರ ತಿರುಗಿದ್ದು ಇಲ್ಲೇ.

ತಾತ್ಕಾಲಿಕ ಅನ್ನೋ ಮಾತಿಗೆ ನಮ್ಮ ಹಿರಿಯರು ಹೆದರೋದಕ್ಕೂ ಕಾರಣ ಇದೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ "ಹೆಚ್ಚು ಆಹಾರ ಬೆಳೆಯಿರಿ" ಅಂತ ಸರ್ಕಾರನೇ ಖಾಲಿ ನೆಲವನ್ನ ಹಂಗಾಮಿ ಗುತ್ತಿಗೆಗೆ ಕೊಟ್ಟಿತ್ತು. ಎಷ್ಟೋ ಕಡೆ ಹಂಗಾಮಿ ಅನ್ನೋದು ಖಾಯಂ ಆಯ್ತು. ಅದರಿಂದ ಬಡವರಿಗೆ ನೆಲ ಸಿಕ್ಕಿತು, ತಪ್ಪು ಅನ್ನೋಕಾಗಲ್ಲ. ಆದ್ರೆ ಮೇವಿನ ನೆಲ ಮತ್ತೆ ವಾಪಸ್ ಬರಲಿಲ್ಲ. 2011ರ ಜನವರಿ 28ರಂದು ಪಂಜಾಬಿನ ಒಂದು ಊರಿನ ಕೊಳದ ಕೇಸಲ್ಲಿ ಸುಪ್ರೀಂ ಕೋರ್ಟು ಊರೊಟ್ಟಿನ ಜಾಗಗಳ ಒತ್ತುವರಿ ತೆರವು ಮಾಡಿ ಊರಿಗೆ ವಾಪಸ್ ಕೊಡಿಸಿ ಅಂತ ಎಲ್ಲಾ ರಾಜ್ಯಗಳಿಗೂ ಹೇಳ್ತು. ಭೂಹೀನ ಕೂಲಿಯೋರಿಗೆ, ಪರಿಶಿಷ್ಟರಿಗೆ ಸರ್ಕಾರ ಗುತ್ತಿಗೆ ಕೊಟ್ಟಿರೋದು, ಸ್ಕೂಲು ಆಸ್ಪತ್ರೆ ಆಗಿರೋದು, ಇಂಥದ್ದನ್ನ ಮಾತ್ರ ಬೇರೆ ಅಂತ ನೋಡಬಹುದು ಅಂದಿತ್ತು. ವಾಪಸ್ ಪಡೆಯೋಕೆ ಅಷ್ಟು ದೂರ ಹೋಗ್ಬೇಕು. ಕೊಡೋ ಮುಂಚೆ ಒಂದು ಬೆಳಿಗ್ಗೆ ನಿಂತು ಮಾತಾಡೋದು ಸುಲಭ.

ಹಂಗಂತ ತಾತ್ಕಾಲಿಕ ಅಂದಿದ್ದೆಲ್ಲಾ ಮೋಸ ಅಲ್ಲ. 2023ರ ಬರ ನೆನಪಿದೆಯಲ್ಲ, ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ಅಂಥ ವರ್ಷ ನಮ್ಮ ಕಡೆ ಸರ್ಕಾರಿ ಜಾಗದಲ್ಲಿ ಮೇವು ಹಂಚೋದು, ಗೋಶಾಲೆ ಚಪ್ಪರ ಹಾಕೋದು ಇದ್ದದ್ದೇ. ಮಳೆ ಬಂದ ತಕ್ಷಣ ಚಪ್ಪರ ಕಿತ್ತು, ಆ ಜಾಗದಲ್ಲಿ ಸಗಣಿ ಗಂಜಲ ಬಿದ್ದು ಹುಲ್ಲು ಇನ್ನೂ ಚೆನ್ನಾಗಿ ಬರುತ್ತೆ. ಜಾತ್ರೆ, ಸಂತೆ, ಒಕ್ಕಣೆ ಕಣ, ಎಲ್ಲಾ ತಾತ್ಕಾಲಿಕವೇ. ಅವೆಲ್ಲಾ ಬೇಸಿಗೆಗೆ ಬಂದು ಮಳೆಗೆ ಎದ್ದು ಹೋಗೋವು.

ಎರಡನೇ ಗ್ರಾಮಸಭೆ ಸಂಜೆ ಆರು ಗಂಟೆಗೆ ಆಯ್ತು. ಕೋರಂಗಿಂತ ಜಾಸ್ತಿ ಜನ. ಐಟಿಐ ಹುಡುಗನೇ ಷರತ್ತು ಬರೆಯೋಕೆ ಕೂತ. 12 ಎಕರೆ ಅಲ್ಲ, ಪಡುವಲ ಕಡೆ ಕಲ್ಲು ನೆಲದಲ್ಲಿ 7 ಎಕರೆ. ಹಳ್ಳಕ್ಕೆ ಕೈ ಹಚ್ಚೋ ಹಂಗಿಲ್ಲ. ಕುರಿ ದಾರಿ 30 ಅಡಿ ಬಿಡಬೇಕು, ಹೊಂಗೆ ಸಾಲು ಮುಟ್ಟಬಾರದು. ದೀಪಾವಳಿ ಕಳೆದ ಮೇಲೆ ಇಳಿಯಬೇಕು, ಮೇ ಕೊನೆಗೆ ಖಾಲಿ ಮಾಡಬೇಕು, ಮುಂದಿನ ದೀಪಾವಳಿಗೆ ಮತ್ತೆ ಬರಬಹುದು. ಇದಕ್ಕೆ ಸೂಪರ್‌ವೈಸರ್ ಮೊದಲು ಸುತಾರಾಂ ಆಗಲ್ಲ ಅಂದ. ಮಳೆಗಾಲದಲ್ಲಿ ಡಾಂಬರ್ ಕೆಲಸ ಹೆಂಗೂ ನಿಲ್ಲುತ್ತಲ್ಲ, ಆಗ ನಿಮಗೆ ಇಷ್ಟು ಜಾಗ ಯಾಕೆ ಅಂತ ಹುಡುಗನೇ ಕೇಳ್ದ. ಉತ್ತರ ಬರಲಿಲ್ಲ. ಡಾಂಬರ್ ಪ್ಲಾಂಟು ಬೇಡ ಅಂತ ಪೂರ್ತಿ ಊರು ಒಂದೇ ಮಾತು. ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗೆನೂ ಬೇಕು, ಅವರು ಅದನ್ನ ಬೇರೆ ಕಡೆ ಖಾಸಗಿ ಜಮೀನಿಗೆ ಒಯ್ದರು. ಕೂಲಿಯೋರ ಶೆಡ್ಡಿಗೆ ನೀರು, ಕಕ್ಕಸು ಅವರೇ ಮಾಡ್ಬೇಕು. ಅವರೂ ನಮ್ಮಂಗೆ ಹೊಟ್ಟೆಪಾಡಿಗೆ ಬಂದೋರು, ಅವರನ್ನ ಹಳ್ಳಕ್ಕೆ ಹೋಗಿ ಅನ್ನೋಕಾಗಲ್ಲ. ಟಿಪ್ಪರ್ ಓಡೋ ದಾರಿಗೆ ದಿನಾ ಎರಡು ಸಲ ನೀರು ಹೊಡೀಬೇಕು. ಮೇಲ್ಮಣ್ಣು ಒಂದು ಗೇಣು ಬಗೆದು ಪಕ್ಕಕ್ಕೆ ಬದು ಹಾಕಿ ಇಡಬೇಕು, ಹೋಗುವಾಗ ವಾಪಸ್ ಹರಡಬೇಕು.

ಆರ್ಚಿನ ಮಾತಿಗೆ ದೇವಸ್ಥಾನದ ಹಿರಿಯರೇ "ಊರ ದನದ ಬಾಯಿಂದ ಕಿತ್ತು ಕಟ್ಟಿದ ಆರ್ಚು ಬೇಡ" ಅಂದ್ರು. ಅದರ ಬದಲು ಠೇವಣಿ ಇಡಿ, ನೆಲ ಸರಿ ಮಾಡಿದ ಮೇಲೆ ವಾಪಸ್ ತಗಳ್ಳಿ ಅಂತ ತೀರ್ಮಾನ ಆಯ್ತು. ಇದೆಲ್ಲಾ ಠರಾವಿನಲ್ಲಿ ಬರೆಸಿ, ಷರತ್ತುಗಳು ಮೇಲಿನವರ ಆದೇಶದಲ್ಲೇ ಸೇರಬೇಕು ಅಂತ ಬೇರೆ ಅರ್ಜಿ ಕೊಟ್ವಿ. ಸೇರಿತು. ಠರಾವಿನಲ್ಲಿ ಮಾತ್ರ ಇದ್ದಿದ್ರೆ ಅದು ಪಂಚಾಯ್ತಿ ಬೀರುವಲ್ಲೇ ಕೂರ್ತಿತ್ತು.

ನಡೆದಿದ್ದು ಪೂರ್ತಿ ಸರಿಯಾಯ್ತಾ? ಇಲ್ಲ. ಮೊದಲ ವರ್ಷ ಮೇ ಕೊನೆ ದಾಟಿ ಹತ್ತು ದಿನ ಆದ್ರೂ ಎರಡು ಟಿಪ್ಪರ್ ಅಲ್ಲೇ ನಿಂತಿದ್ವು, ಹಟ್ಟಿಯೋರೆಲ್ಲಾ ಹೋಗಿ ಕೂತ ಮೇಲೆ ಎದ್ದವು. ನೀರು ಹೊಡೆಯೋದು ವಾರದಲ್ಲಿ ಎರಡು ದಿನ ತಪ್ತಿತ್ತು. ಊರ ಹುಡುಗ್ರಿಗೆ ಕೆಲಸ ಸಿಕ್ಕಿದ್ದು ಆರು ಜನಕ್ಕೆ, ಹೇಳಿದ್ದು ಇಪ್ಪತ್ತು. ಕೆಲಸ ಮುಗಿದು ಜಾಗ ಕೈಗೆ ಬಂದಾಗ ಮೇಲ್ಮಣ್ಣು ಹರಡಿಸಿದ್ವಿ, ಆರಿದ್ರಾ ಮಳೆಗೆ ಮುಂಚೆ ಟ್ರ್ಯಾಕ್ಟರಲ್ಲಿ ಆಳವಾಗಿ ಸೀಳಿಸಿ ಸ್ಟೈಲೋ ಬೀಜ, ಗೋಮಾಳದಲ್ಲೇ ಕೂಡಿಸಿದ ಹುಲ್ಲುಬೀಜ ಎರಚಿದ್ವಿ. 7 ಎಕರೇಲಿ ಆರಕ್ಕೂ ಜಾಸ್ತಿ ಹಸಿರಾಗಿದೆ. ಟಿಪ್ಪರ್ ತಿರುಗಿಸ್ತಿದ್ದ ಅರ್ಧ ಎಕರೆ ಇನ್ನೂ ಬೋಳು. ಅಷ್ಟರ ಮಟ್ಟಿಗೆ ಠೇವಣಿ ಹಿಡಿದಿದೀವಿ, ಮುಂದಿನ ಮುಂಗಾರಿಗೆ ಮತ್ತೆ ಬೀಜ ಹಾಕ್ಬೇಕು.

ಆದ್ರೆ ಕೆರೆಗೆ ನೀರು ಬಂತು. ಮಂದೆಯೋರು ಎರಡು ಸುಗ್ಗಿಗೂ ಬಂದ್ರು. ಬೋದೆ ಹುಲ್ಲು ಇದ್ದ ಕಡೆಯೇ ಇದೆ.

ನಿಮ್ಮೂರಿಗೆ ಇಂಥ ಅರ್ಜಿ ಬಂದ್ರೆ ಇಷ್ಟು ಕೇಳಿ:

1. ಯಾವ ಸರ್ವೆ ನಂಬರು, ಎಷ್ಟು ಎಕರೆ, ಎಲ್ಲಿಂದ ಎಲ್ಲಿಗೆ? ನೆಲದ ಮೇಲೆ ಸುಣ್ಣ ಹಾಕಿ ತೋರಿಸಿ ಅನ್ನಿ.

2. ಊರಲ್ಲಿ ದನ ಎಷ್ಟು, ಗೋಮಾಳ ಎಷ್ಟು ಉಳಿದಿದೆ? ನೂರಕ್ಕೆ 30 ಎಕರೆ ಲೆಕ್ಕ ಮುಂದಿಡಿ.

3. ಈಗ ಆ ಜಾಗ ಬಳಸೋರು ಯಾರ್ಯಾರು? ಓಟು ಇಲ್ಲದೋರನ್ನೂ ಸೇರಿಸಿ ಪಟ್ಟಿ ಮಾಡಿ. ಅವರು ಬರೋ ಹೊತ್ತಿಗೆ, ಅವರು ಬರೋ ಜಾಗದಲ್ಲಿ ಸಭೆ ಇಡಿ.

4. ಎಷ್ಟು ತಿಂಗಳು ಅನ್ನೋದಕ್ಕಿಂತ ಯಾವ ತಿಂಗಳು? ಮಳೆಗಾಲ ಬಿಟ್ಟು ಕೊಡಬಹುದಾ ನೋಡಿ.

5. ನೀರು ಹರಿಯೋ ದಾರಿ, ದನ ಕುರಿ ಹೋಗೋ ದಾರಿ, ನೆರಳು, ಈ ಮೂರನ್ನ ಮೊದಲೇ ಹೊರಗಿಡಿ.

6. ವಾಪಸ್ ಕೊಡುವಾಗ ನೆಲ ಹೆಂಗಿರಬೇಕು? ಈಗಲೇ ನಾಲ್ಕು ಮೂಲೆಯಿಂದ ಫೋಟೋ ತೆಗೆದಿಡಿ. ಠೇವಣಿ ಇಡಿಸ್ಕೊಳ್ಳಿ.

7. ಷರತ್ತು ಆದೇಶದಲ್ಲಿ ಇದೆಯಾ? ಪ್ರತಿ ತಗೊಂಡು ಊರಲ್ಲಿ ನಾಲ್ಕು ಜನರ ಹತ್ರ ಇಟ್ಕಳಿ.

ಬೇಡವೇ ಬೇಡ ಅನ್ನೋ ಹಕ್ಕೂ ನಿಮಗಿದೆ, ಲೆಕ್ಕ ಹಾಗೇ ಬಂದ್ರೆ ಹಾಗೇ ಹೇಳಿ. ನಮ್ಮ ಲೆಕ್ಕ ಪ್ರಕಾರ ನಾವೂ ಬೇಡ ಅನ್ನಬಹುದಿತ್ತು. ರಸ್ತೆ ನಮಗೂ ಬೇಕಿತ್ತು, ಅದಕ್ಕೇ ಒಪ್ಪಿದ್ವಿ.

ನಮ್ಮ ಠರಾವಿನ ಷರತ್ತುಗಳ ಪಟ್ಟಿ ಬೇಕಾದೋರು ಕೇಳಿ, ಫೋಟೋ ಕಳಿಸ್ತೀನಿ. ಸ್ಟೈಲೋ ಬೀಜ ಒಂದು ಐದಾರು ಸೇರು ಉಳಿದಿದೆ. ಮುಂಗಾರಿಗೆ ಯಾರಾದ್ರೂ ಗೋಮಾಳಕ್ಕೆ ಎರಚೋದಾದ್ರೆ ಬಂದು ತಗೊಂಡು ಹೋಗಿ, ದುಡ್ಡು ಬೇಡ.